ಹೊಸ ಆಪ್ಷನ್ ಸೇರಿಸಿದಾಗ ಡಿಫಾಲ್ಟ್ ಆನ್ ಇಡೋದಾ, ಆಫ್ ಇಡೋದಾ?

ಬಿಲ್_ಬರೆಯೋನು

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ದಿನಸಿ ಅಂಗಡಿ, ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡ್ತೀವಿ. ಶಿವಮೊಗ್ಗ, ಭದ್ರಾವತಿ, ಸಾಗರದ ಕಡೆ ಮುನ್ನೂರರ ಹತ್ತಿರ ಅಂಗಡಿ ಇದಾವೆ. ಮುಂದಿನ ಅಪ್‌ಡೇಟ್‌ನಲ್ಲಿ ಮೂರು ಹೊಸ ಆಪ್ಷನ್ ಬರ್ತಿದೆ. ಬಿಲ್ ಮೊತ್ತ ರೂಪಾಯಿಗೆ ರೌಂಡ್ ಆಫ್ ಆಗೋದು ಒಂದು. ಸ್ಟಾಕ್ ಸೊನ್ನೆ ಇರೋ ಐಟಂ ಬಿಲ್ ಆಗದ ಹಾಗೆ ತಡೆಯೋದು ಇನ್ನೊಂದು. ಬಿಲ್ ಆದ ತಕ್ಷಣ ಗಿರಾಕಿಯ ನಂಬರಿಗೆ ವಾಟ್ಸಾಪ್ ಹೋಗೋದು ಮೂರನೇದು.

ಕೋಡ್ ಬರೆದು ಮುಗಿಸಿ ಹತ್ತು ದಿನ ಆಯ್ತು, ಡಿಫಾಲ್ಟ್, ಅಂದ್ರೆ ಯಾರೂ ಮುಟ್ಟದೇ ಇದ್ರೆ ಹೇಗಿರಬೇಕು ಅನ್ನೋ ಜಗಳ ಮುಗಿದಿಲ್ಲ. ನನ್ನ ಪಾರ್ಟ್ನರ್ ಮೂರೂ ಆನ್ ಇಡೋಣ ಅಂತಾನೆ, ಆಫ್ ಇಟ್ರೆ ಹಿಂಗೊಂದು ಇದೆ ಅಂತ ಯಾರಿಗೂ ಗೊತ್ತೇ ಆಗಲ್ಲ ಅನ್ನೋದು ಅವನ ವಾದ. ನಾನು ಮೂರೂ ಆಫ್ ಅಂತೀನಿ. ಬೆಳಿಗ್ಗೆ ಅಂಗಡಿ ತೆಗೆದವರಿಗೆ ನಿನ್ನೆ ಇದ್ದ ಹಾಗೇ ಇರಬೇಕು. ನೀವು ಹೇಗೆ ಮಾಡ್ತೀರಿ? ಅನುಭವ ಇದ್ದವರು ಹೇಳಿ.

ಮಂಡ್ಯದ್_ಹೈದ

ಆಫ್. ಮುಂದಿನ ಪ್ರಶ್ನೆ?

ಕರ್ನಲ್_ಕಾಯೋನು

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯೋರು ಈ ಜಗಳ ಆಡಿ ಆಡಿ ಸುಸ್ತಾಗಿ ಬರೆದೇ ಇಟ್ಟಿದ್ದಾರೆ. ಕರ್ನಲ್‌ಗೆ ಯಾವ ಭಾಗ ಬೇಕು, ಯಾವುದು ಬೇಡ ಅಂತ ಆರಿಸೋ ಅವರ ಕೆಕಾನ್ಫಿಗ್‌ನ ದಾಖಲೆ ತೆಗೆದು ನೋಡಿ, ಹೊಸ ಆಪ್ಷನ್‌ಗೆ ಡಿಫಾಲ್ಟ್ 'ಎನ್', ಅಂದ್ರೆ ಬೇಡ. ಹಳೆ ಕಾನ್ಫಿಗ್ ಇಟ್ಟುಕೊಂಡು ಹೊಸ ಕರ್ನಲ್‌ಗೆ ಹೋಗೋರು 'ಮೇಕ್ ಓಲ್ಡ್‌ಕಾನ್ಫಿಗ್' ಅನ್ನೋ ಕಮಾಂಡ್ ಹೊಡೆದಾಗ ಆದಷ್ಟು ಕಡಿಮೆ ಸೇರ್ಪಡೆ ಆಗಬೇಕು ಅನ್ನೋದೇ ಉದ್ದೇಶ.

ವಿನಾಯಿತಿ ಕೆಲವೇ ಕೆಲವು. ಅದರಲ್ಲಿ ನಿಮಗೆ ಬೇಕಾಗಿರೋದು ಮೊದಲನೇದು: ಇಲ್ಲಿ ತನಕ ಯಾವಾಗಲೂ ಬಿಲ್ಡ್ ಆಗ್ತಿದ್ದ ಒಂದು ಭಾಗಕ್ಕೆ ಈಗ ಹೊಸದಾಗಿ ಸ್ವಿಚ್ ಹಾಕ್ತಿದ್ದೀರಾ? ಹಾಗಿದ್ರೆ ಡಿಫಾಲ್ಟ್ 'ವೈ'. ಅಂದ್ರೆ ಸ್ವಿಚ್ ಹೊಸದಾದರೂ ದೀಪ ಹಳೇದು. ನಿಮ್ಮ ಮೂರರಲ್ಲಿ ಯಾವುದಾದರೂ ಆ ಥರದ್ದು ಇದೆಯಾ?

ಬಿಲ್_ಬರೆಯೋನು

ಸ್ವಿಚ್ ಹೊಸದು, ದೀಪ ಹಳೇದು. ಇದನ್ನ ಬರೆದು ಗೋಡೆಗೆ ಅಂಟಿಸ್ತೀನಿ ಸರ್. ಇಲ್ಲ, ಮೂರೂ ಹೊಸಾ ದೀಪಗಳೇ.

ಫೀಚರ್_ಪ್ರಿಯೆ

ನಿಮ್ಮ ಪಾರ್ಟ್ನರ್ ಪರ ನಾನೊಬ್ಬಳಾದರೂ ಇರ್ತೀನಿ. ಕರ್ನಲ್ ಕಟ್ಟೋರಿಗೆ ಆಪ್ಷನ್ ಓದೋ ಚಟ ಇರುತ್ತೆ, ಅವರ ನಿಯಮ ತಂದು ಅಂಗಡಿಯವರ ಮೇಲೆ ಹೇರಬೇಡಿ. ನಮ್ಮ ಹಿಂದಿನ ಪ್ರಾಡಕ್ಟ್‌ನಲ್ಲಿ ಆಫ್ ಇಟ್ಟು ಬಿಟ್ಟ ಒಂದು ಫೀಚರನ್ನ ಎರಡು ವರ್ಷ ಯಾರೂ ಮುಟ್ಟಲಿಲ್ಲ. ಆಮೇಲೆ ಅದೇ ಗಿರಾಕಿಗಳು ಬಂದು "ಇದೊಂದು ಮಾಡಿಕೊಡಿ" ಅಂತ ಕೇಳಿದ್ರು. ಇದೆ ಸರ್, ಮೂರನೇ ಟ್ಯಾಬ್‌ನಲ್ಲಿ ಕೆಳಗಡೆ ಇದೆ ಅಂತ ತೋರಿಸುವಾಗ ನಮಗೇ ನಾಚಿಕೆ.

ಆಫ್ ಇಡೋದು ಸುರಕ್ಷಿತ ಅಂತ ಎಲ್ಲರೂ ಹೇಳೋದು ಬೈಸಿಕೊಳ್ಳೋದು ತಪ್ಪುತ್ತೆ ಅಂತ ಅಷ್ಟೆ. ಬಳಸೋರಿಗೆ ಒಳ್ಳೇದಾ ಅನ್ನೋದು ಬೇರೆ ಮಾತು.

ಡಿಬಿಎ_ದೊಡ್ಡಪ್ಪ

ಮೇಡಂ ಹೇಳಿದ್ದರಲ್ಲಿ ಸತ್ಯ ಇದೆ, ಅದಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸಿನವರು ಮಾಡಿದ್ದು ನೋಡಿ. ಡೇಟಾಬೇಸಿಗೆ ಕೇಳೋ ಪ್ರಶ್ನೆಯನ್ನ (ಕ್ವೆರಿ) ಓಡಿಸೋ ಹೊತ್ತಿಗೇ ಯಂತ್ರಭಾಷೆಗೆ ಕಂಪೈಲ್ ಮಾಡೋ ಜಿಟ್ ಅಂತ ಒಂದು ಸೌಲಭ್ಯ 2018ರಲ್ಲಿ 11ನೇ ಆವೃತ್ತಿಗೆ ಬಂತು, ಡಿಫಾಲ್ಟ್ ಆಫ್. ಬೇಕಾದವರು ಆನ್ ಮಾಡಿಕೊಂಡು ಒಂದು ವರ್ಷ ಪೆಟ್ಟು ತಿಂದ್ರು. 2019ರಲ್ಲಿ 12ಕ್ಕೆ ಆನ್ ಮಾಡಿದ್ರು. ಪಾಸ್‌ವರ್ಡ್ ವಿಷಯದಲ್ಲಿ ಇನ್ನೂ ನಿಧಾನ. ಸ್ಕ್ರಾಮ್ ಅನ್ನೋ ಹೆಚ್ಚು ಸುರಕ್ಷಿತ ಪಾಸ್‌ವರ್ಡ್ ಪದ್ಧತಿ ಬಂದಿದ್ದು 10ರಲ್ಲಿ, ಡಿಫಾಲ್ಟ್ ಆಗಿದ್ದು 14ರಲ್ಲಿ. ಡೇಟಾಬೇಸಿಗೆ ಜೋಡಿಸೋ ಹಳೇ ಡ್ರೈವರ್‌ಗಳೆಲ್ಲ ಕಲಿತುಕೊಳ್ಳೋ ತನಕ ಕಾದರು.

ಅಂದ್ರೆ ಆಫ್ ಅಂತ ಶುರು ಮಾಡೋದು ಶಾಶ್ವತವಾಗಿ ಆಫ್ ಅಂತ ಅಲ್ಲ. ಮೂರನೇ ಟ್ಯಾಬ್‌ನಲ್ಲಿ ಹಾಕಿ ಮರೆತಿದ್ದು ನಿಮ್ಮ ತಪ್ಪು, ಆಫ್‌ನ ತಪ್ಪಲ್ಲ.

ಫೀಚರ್_ಪ್ರಿಯೆ

ಒಪ್ಪಿದೆ ದೊಡ್ಡಪ್ಪ. ಆದ್ರೆ ಆ ಜಿಟ್ ಆನ್ ಆದಮೇಲೆ ಎಷ್ಟು ಜನ ಆಫ್ ಮಾಡ್ಕೊಂಡ್ರು ಅಂತಾನೂ ಹೇಳಿ ಮತ್ತೆ.

ಡಿಬಿಎ_ದೊಡ್ಡಪ್ಪ

ನಾನೂ ಮಾಡ್ಕೊಂಡಿದೀನಿ. ಸಣ್ಣ ಕ್ವೆರಿಗಳಿಗೆ ಕಂಪೈಲ್ ಮಾಡೋ ಸಮಯವೇ ಓಡೋ ಸಮಯಕ್ಕಿಂತ ಜಾಸ್ತಿ ಆಗ್ತಿತ್ತು. ಬಿಡಿ ಅದನ್ನ.

ರಾತ್ರಿಪಾಳಿ

ಸ್ಟಾಕ್ ತಡೆಯೋ ಆಪ್ಷನ್ ಬಗ್ಗೆ ಮಾತ್ರ ಹೇಳ್ತೀನಿ, ಯಾಕಂದ್ರೆ ಅದನ್ನ ನಾನು ಅನುಭವಿಸಿದೀನಿ.

ಹಿಂದೆ ಒಂದು ಕಂಪನಿಯಲ್ಲಿ ಸಪೋರ್ಟ್‌ನಲ್ಲಿ ಇದ್ದೆ. ಹೆಸರು ಬೇಡ. ಇದೇ ಆಪ್ಷನ್, ಸ್ಟಾಕ್ ಇಲ್ಲದ ಐಟಂ ಬಿಲ್ ಆಗಬಾರದು, ಡಿಫಾಲ್ಟ್ ಆನ್. ಅಪ್‌ಡೇಟ್ ಬಿಟ್ಟಿದ್ದು ಗೌರಿ ಹಬ್ಬದ ಹಿಂದಿನ ರಾತ್ರಿ. ಬೆಳಿಗ್ಗೆ ಏಳೂವರೆಗೆ ಮೊದಲ ಫೋನ್. ಅಂಗಡಿ ತುಂಬ ಜನ, ಸಕ್ಕರೆ ಸ್ಕ್ಯಾನ್ ಮಾಡಿದ್ರೆ "ಸ್ಟಾಕ್ ಇಲ್ಲ" ಅಂತ ಕೆಂಪು ಪೆಟ್ಟಿಗೆ. ಸಕ್ಕರೆ ಮೂಟೆ ಅವರ ಕಾಲ ಬುಡದಲ್ಲೇ ಬಿದ್ದಿದೆ. ಪರ್ಚೇಸ್ ಎಂಟ್ರಿ ಆಗಿಲ್ಲ ಅಷ್ಟೆ. ಯಾವ ದಿನಸಿ ಅಂಗಡಿಯಲ್ಲೂ ಲಾರಿ ಮಾಲು ಇಳಿದ ಕೂಡಲೇ ಎಂಟ್ರಿ ಆಗಲ್ಲ. ಅಕೌಂಟ್ಸ್ ಹುಡುಗಿ ವಾರಕ್ಕೊಮ್ಮೆ ಬರ್ತಾಳೆ, ಬಿಲ್ಲುಗಳನ್ನ ಕಟ್ಟು ಕಟ್ಟಿ ಇಟ್ಟಿರ್ತಾರೆ, ಆಗ ಎಂಟ್ರಿ.

ನಾನು ಫೋನ್‌ನಲ್ಲಿ ಹೇಳ್ತಿದೀನಿ, ಸರ್ ಸೆಟ್ಟಿಂಗ್ಸ್‌ಗೆ ಹೋಗಿ, ಇನ್ವೆಂಟರಿ, ಆಮೇಲೆ ಅಡ್ವಾನ್ಸ್ಡ್. ಹಿಂದೆ ಯಾರೋ "ಯಜಮಾನ್ರೇ ಎಷ್ಟೊತ್ತು" ಅಂತಿದ್ದಾರೆ. ಅವರು ಅಡ್ವಾನ್ಸ್ಡ್ ಹುಡುಕೋಕೆ ಆಗದೆ ಫೋನ್ ಇಟ್ಟು ಬಿಳಿ ಹಾಳೆಯಲ್ಲಿ ಬಿಲ್ ಬರೆಯೋಕೆ ಶುರು ಮಾಡಿದ್ರು. ಅವತ್ತು ಮಧ್ಯಾಹ್ನದ ತನಕ ನಮ್ಮಲ್ಲಿ ಯಾರೂ ತಿಂಡಿ ತಿನ್ನಲಿಲ್ಲ.

ವಿನ್ಯಾಸ ಮಾಡಿದವನು ದಡ್ಡ ಅಲ್ಲ. ಸ್ಟಾಕ್ ಮೈನಸ್ ಹೋಗಬಾರದು ಅನ್ನೋದು ಪುಸ್ತಕದಲ್ಲಿ ಸರಿ. ಅಂಗಡಿ ಪುಸ್ತಕ ನೋಡಿಕೊಂಡು ನಡೆಯಲ್ಲ.

ಹುಬ್ಬಳ್ಳಿ_ಗಿರ್ಮಿಟ್

ನಾ ಅಂಗಡಿ ಇಟ್ಟಾಂವ ರೀ. ಇದನ್ನೆಲ್ಲಾ ಓದಿ ನಗು ಬಂತು. ನಮ್ಮಲ್ಲೆ ಸಾಫ್ಟ್‌ವೇರ್ ಹಾಕಿಸಿ ಆರು ವರ್ಷ ಆತು. ಮೂಲ್ಯಾಗ ಒಂದು ಗಾಲಿ ಚಿತ್ರ ಐತಿ, ಇವತ್ತಿನ ತನಕ ಅದನ್ನ ಒತ್ತಿಲ್ಲ. ಬಾಜೂ ಅಂಗಡ್ಯಾಂವ ಒತ್ತಿ, ಬಿಲ್ಲೆಲ್ಲಾ ಇಂಗ್ಲೀಷಿನ್ಯಾಗ ಬರಾಕ ಹತ್ತಿ ಎರಡು ದಿನ ಒದ್ದಾಡ್ಯಾನ.

ನೀವು ಡಿಫಾಲ್ಟ್ ಅಂತೀರಿ. ನಮಗ ಅದೇ ಸಾಫ್ಟ್‌ವೇರ್ ರೀ. ಬ್ಯಾರೆ ಇಲ್ಲ.

ಮಂಡ್ಯದ್_ಹೈದ

ಇಡೀ ಥ್ರೆಡ್ಡಿಗೆ ಇದೊಂದೇ ಉತ್ತರ ಸಾಕು ಗುರು. ಮಿಕ್ಕಿದ್ದೆಲ್ಲ ಡಿಲೀಟ್ ಮಾಡಿ.

ಬಿಲ್_ಬರೆಯೋನು

@ರಾತ್ರಿಪಾಳಿ ಪರ್ಚೇಸ್ ಎಂಟ್ರಿ ವಾರಕ್ಕೊಮ್ಮೆ ಅನ್ನೋದು ನಮ್ಮ ಅಂಗಡಿಗಳಲ್ಲೂ ಹಂಗೇ. ಇದು ತಲೇಗೇ ಹೋಗಿರಲಿಲ್ಲ. ಆದ್ರೆ ಮೆಡಿಕಲ್ ಶಾಪ್‌ನವರು ಕೇಳ್ತಾರೆ, ಬ್ಯಾಚ್ ನಂಬರ್ ಇಲ್ಲದೆ ಮಾತ್ರೆ ಬಿಲ್ ಆಗಬಾರದು ಅಂತ. ಅವರಿಗೆ ಆನ್, ದಿನಸಿಗೆ ಆಫ್ ಅಂತ ಇಡಬಹುದಾ?

ರಾತ್ರಿಪಾಳಿ

ಇಡಬಹುದು. ಇನ್ನೊಂದು ದಾರಿ, ಆನ್ ಆಫ್ ಬಿಟ್ಟು ಮೂರನೇದು ಮಾಡಿ. ತಡೆಯಬೇಡಿ, ಹಳದಿ ಬಣ್ಣದಲ್ಲಿ ತೋರಿಸಿ ಮುಂದೆ ಬಿಡಿ. ಎಂಟರ್ ಒತ್ತಿದ್ರೆ ಹೋಗಬೇಕು, ಇನ್ನೊಂದು ಪೆಟ್ಟಿಗೆ ಏಳಬಾರದು.

ಟೆಸ್ಟರಮ್ಮ

ಹೌದು ಹೌದು, ಆನ್, ಆಫ್, ಹಳದಿ. ದಿನಸಿಗೊಂದು, ಮೆಡಿಕಲ್ಲಿಗೊಂದು. ಮೂರು ಎರಡಲ ಆರು. ಜೊತೆಗೆ ರೌಂಡ್ ಆಫ್ ಇದೆ, ವಾಟ್ಸಾಪ್ ಇದೆ, ಅವೆಲ್ಲ ಗುಣಿಸಿಕೊಂಡು ಹೋಗಿ. ಇದನ್ನೆಲ್ಲ ಪರೀಕ್ಷೆ ಮಾಡೋಳು ಯಾರು? ನಾನು.

ಆಪ್ಷನ್ ಅಂದ್ರೆ ಬಹಳ ಸಲ ನಮಗೆ ನಿರ್ಧಾರ ಮಾಡೋಕೆ ಆಗದೆ ಬಳಸೋರ ತಲೆ ಮೇಲೆ ಹಾಕಿದ್ದು. ನಾಲ್ಕು ಜನ ಹತ್ತು ದಿನ ಜಗಳ ಆಡಿ ತೀರ್ಮಾನ ಆಗದೆ ಇದ್ದದ್ದನ್ನ ಅಂಗಡಿಯವರು ಒಂದು ಟಿಕ್ ಹಾಕಿ ತೀರ್ಮಾನ ಮಾಡ್ತಾರಾ?

ಕರಾವಳಿ_ಕಪ್ಪೆ

ಎಂತ ಮಾರಾಯ್ರೆ, ಅಷ್ಟು ಸಿಟ್ಟು. ಆದರೆ ಸರಿ ಉಂಟು.

ನಾನು ರೌಂಡ್ ಆಫ್ ಬಗ್ಗೆ ಹೇಳ್ತೇನೆ. ಅದು ಆನ್ ಇರಬೇಕಾದ್ದು, ಅದಕ್ಕೆ ಎಂತ ಚರ್ಚೆ? 25 ಪೈಸೆ 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋಯ್ತು. 50 ಪೈಸೆ ಕಾನೂನಲ್ಲಿ ಈಗಲೂ ಉಂಟು, ಅಂಗಡಿಯಲ್ಲಿ ಕೊಟ್ಟು ನೋಡಿ, ನಿಮ್ಮ ಮುಖ ನೋಡ್ತಾರೆ. 247 ರೂಪಾಯಿ 30 ಪೈಸೆ ಅಂತ ಬಿಲ್ ಕೊಟ್ಟರೆ ಆ 30 ಪೈಸೆ ಯಾರು ತರ್ತಾರೆ?

ಅಡಿಕೆ_ಸಿಪ್ಪೆ

ಯುಪಿಐ ಬಂದ ಮೇಲೆ ತರ್ತಾರೆ. ನಮ್ಮ ಓಣಿ ಅಂಗಡಿಯಲ್ಲಿ 247.30 ಅಂತಲೇ ಹೊಡೀತಾರೆ ಜನ, ಪೈಸೆ ಸಮೇತ. ಚಿಲ್ಲರೆ ಇಲ್ಲ ಅಂತ ಚಾಕೊಲೇಟ್ ಕೊಡೋ ಕಾಲ ಮುಗೀತು.

ಕರಾವಳಿ_ಕಪ್ಪೆ

ಚಾಕೊಲೇಟ್ ನಿಂತದ್ದು ನನ್ನ ಮಗಳಿಗೆ ದೊಡ್ಡ ನಷ್ಟ. ಮೊದಲು ಅಂಗಡಿಗೆ ಹೋಗು ಅಂದರೆ ಓಡ್ತಿದ್ದಳು.

ಲೆಕ್ಕದ_ಮೇಷ್ಟ್ರು

ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ರೂಪಾಯಿಗೆ ರೌಂಡ್ ಮಾಡಲೇಬೇಕು. 50 ಪೈಸೆ ಅಥವಾ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆ ಇದ್ದರೆ ಬಿಡಬೇಕು. ಆದ್ದರಿಂದ ಇದು ಆಪ್ಷನ್ನೇ ಅಲ್ಲ. ಟೆಸ್ಟರ್ ಮೇಡಂಗೆ ಒಂದು ಕೆಲಸ ಕಡಿಮೆ ಆಯ್ತು.

ಆಡಿಟ್_ಅತ್ತಿಗೆ

ಮೇಷ್ಟ್ರೇ ತಡೀರಿ. 170 ಹೇಳೋದು ತೆರಿಗೆ, ಬಡ್ಡಿ, ದಂಡ, ರೀಫಂಡ್ ಈ ಮೊತ್ತಗಳ ಬಗ್ಗೆ. ಗಿರಾಕಿ ಕೈಗೆ ಕೊಡೋ ಬಿಲ್ಲಿನ ಒಟ್ಟು ಮೊತ್ತ ರೂಪಾಯಿಗೇ ಬರಬೇಕು ಅಂತ ಅದರಲ್ಲಿ ಇಲ್ಲ. ಬಿಲ್ ರೌಂಡ್ ಮಾಡೋದು ವ್ಯಾಪಾರದ ರೂಢಿ. ಎರಡನ್ನೂ ಕಲಸಿದ್ರೆ ಒಂದೊಂದು ಐಟಮ್ಮಿನ ತೆರಿಗೆಯನ್ನೂ ರೌಂಡ್ ಮಾಡಿ, ಕೊನೆಗೆ ಮತ್ತೆ ಮೊತ್ತವನ್ನೂ ರೌಂಡ್ ಮಾಡಿ, ತಿಂಗಳ ಕೊನೆಗೆ ರಿಟರ್ನ್ ತಾಳೆ ಆಗದೆ ನನ್ನ ಹತ್ರ ಬರ್ತಾರೆ.

ನೀವು ಆನ್ ಇಡಿ ಆಫ್ ಇಡಿ, ಬಿಲ್ಲಿನಲ್ಲಿ "ರೌಂಡ್ ಆಫ್" ಅಂತ ಬೇರೆ ಸಾಲು ಕಾಣಬೇಕು. 0.30 ಮೈನಸ್ ಅಂತ. ಆ ಸಾಲು ನೇರ ಲೆಡ್ಜರಿಗೆ ಬೀಳಬೇಕು. ಅದನ್ನ ಬಚ್ಚಿಡೋ ಸಾಫ್ಟ್‌ವೇರ್ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ.

ಲೆಕ್ಕದ_ಮೇಷ್ಟ್ರು

ಸರಿ ಅತ್ತಿಗೆ, ನಾನು ಸೆಕ್ಷನ್ ಪೂರ್ತಿ ಓದದೆ ಬರೆದೆ. ಆದರೆ 50 ಪೈಸೆ ಮೇಲಕ್ಕೆ ಅನ್ನೋದಂತೂ ಸರಿ. ಪ್ರಶ್ನೆ ಹಾಕಿದವರೇ, ಸಾಫ್ಟ್‌ವೇರ್ ಯಾವ ಭಾಷೆಯಲ್ಲಿ ಬರೆದಿದ್ದೀರಿ?

ಬಿಲ್_ಬರೆಯೋನು

ಪೈಥಾನ್. ಅದರದ್ದೇ ರೌಂಡ್ ಫಂಕ್ಷನ್ ಹಾಕಿದೀವಿ.

ಲೆಕ್ಕದ_ಮೇಷ್ಟ್ರು

ಅಂದುಕೊಂಡೆ. ಈಗ ಒಂದು ನಿಮಿಷ ಟರ್ಮಿನಲ್ ತೆಗೆದು 246.5 ರೌಂಡ್ ಮಾಡಿ. ಆಮೇಲೆ 247.5 ಮಾಡಿ.

ಬಿಲ್_ಬರೆಯೋನು

ಮೊದಲನೇದು 246. ಎರಡನೇದು 248. ಇದೇನ್ರೀ ಇದು?

ಲೆಕ್ಕದ_ಮೇಷ್ಟ್ರು

ಪೈಥಾನ್ 3 ಅರ್ಧ ಬಂದಾಗ ಹತ್ತಿರದ ಸರಿಸಂಖ್ಯೆಗೆ ಹೋಗುತ್ತೆ. ಬ್ಯಾಂಕರ್ಸ್ ರೌಂಡಿಂಗ್ ಅಂತಾರೆ. ಸಾವಿರಾರು ಲೆಕ್ಕ ಕೂಡಿಸುವಾಗ ಮೇಲಕ್ಕೇ ವಾಲಬಾರದು ಅಂತ ಆ ಏರ್ಪಾಟು, ಕಂಪ್ಯೂಟರ್ ಲೆಕ್ಕದ ಮಾನದಂಡ ಐಇಇಇ 754ರ ಡಿಫಾಲ್ಟ್ ಕೂಡ ಅದೇ. ವಿಜ್ಞಾನಕ್ಕೆ ಒಳ್ಳೇದು. ಕೌಂಟರಿನಲ್ಲಿ ಒಬ್ಬರಿಗೆ 50 ಪೈಸೆ ಬಿಟ್ಟು ಇನ್ನೊಬ್ಬರ ಹತ್ರ ತಗೊಂಡ್ರೆ ಜಗಳ. ಡೆಸಿಮಲ್ ಮಾಡ್ಯೂಲ್ ಬಳಸಿ, ಅರ್ಧ ಬಂದ್ರೆ ಮೇಲಕ್ಕೆ ಅಂತ ನೀವೇ ಹೇಳಿಕೊಡಿ. ದುಡ್ಡನ್ನ ಫ್ಲೋಟ್‌ನಲ್ಲಿ (ದಶಮಾಂಶ ಕರಾರುವಾಕ್ಕಾಗಿ ಉಳಿಯದ ರೂಪ) ಇಟ್ಟಿಲ್ಲ ತಾನೇ?

ಬಿಲ್_ಬರೆಯೋನು

ಮುಂದಿನ ಪ್ರಶ್ನೆ ಕೇಳಿ ಸರ್.

ಮಂಡ್ಯದ್_ಹೈದ

😂😂 ಡಿಫಾಲ್ಟ್ ಆನಾ ಆಫಾ ಅಂತ ಕೇಳೋಕ್ ಬಂದ್ರು, ಕೋಡೇ ಹೋಯ್ತು.

ಡಿಬಿಎ_ದೊಡ್ಡಪ್ಪ

ನಗಬೇಡ ಹೈದ, ಇದೇ ಅಸಲಿ ವಿಷಯ. ಅವರು ಡಿಫಾಲ್ಟ್ ಬಗ್ಗೆ ಹತ್ತು ದಿನ ಜಗಳ ಆಡಿದ್ದಾರೆ, ಅವರ ಕೆಳಗಡೆ ಇರೋ ಡಿಫಾಲ್ಟ್ ಬಗ್ಗೆ ಒಂದು ನಿಮಿಷ ಯೋಚಿಸಿಲ್ಲ. ನಾವೆಲ್ಲ ಹಾಗೇ.

ಕನ್ನಡದವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡಿಫಾಲ್ಟ್ ಅಕ್ಷರ ಕೋಷ್ಟಕ ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಮಾತ್ರ ಆಗೋ ಲ್ಯಾಟಿನ್1 ಆಗಿತ್ತು, ವರ್ಣಾನುಕ್ರಮ ಸ್ವೀಡಿಷ್! ಕಂಪನಿ ಸ್ವೀಡನ್ನಿನದು, ಅದಕ್ಕೆ. ನಾನು ಒಂದು ಶಾಲೆಗೆ ಮಕ್ಕಳ ಹೆಸರಿನ ಪಟ್ಟಿ ಮಾಡಿಕೊಟ್ಟಿದ್ದೆ. ತೋರಿಸೋಕೆ ಅಂತ ತೆಗೆದ್ರೆ ಇಡೀ ಪರದೆ ಪ್ರಶ್ನಾರ್ಥಕ ಚಿಹ್ನೆ, ಸಾಲು ಸಾಲು. ಮೇಡಂ ಒಬ್ಬರು "ಯಾವ ಮಗುವಿಗೆ ಎಷ್ಟು ಅಕ್ಷರ ಅಂತ ಮಾತ್ರ ಗೊತ್ತಾಗ್ತಿದೆ" ಅಂದ್ರು. ಆಗ ತಪ್ಪು ಡೇಟಾ ಬಂದ್ರೆ ತಡೆಯೋ ಸ್ಟ್ರಿಕ್ಟ್ ಮೋಡ್ ಡಿಫಾಲ್ಟ್ ಇರಲಿಲ್ಲ, ಹಾಳಾದ ಮೇಲೆ ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗ್ತಿತ್ತು. ಅದು ಡಿಫಾಲ್ಟ್ ಆಗಿದ್ದು 2015ರ 5.7ರಲ್ಲಿ, ಅಕ್ಷರ ಕೋಷ್ಟಕ ಸರಿಯಾಗಿದ್ದು 2018ರ 8.0ರಲ್ಲಿ.

ಹೊಸಬ_404

ಅದಕ್ಕೇ ಮೈಎಸ್‌ಕ್ಯೂಎಲ್‌ನಲ್ಲಿ ಬರೀ ಯುಟಿಎಫ್8 (ಎಲ್ಲ ಲಿಪಿಗೂ ಅಂತ ಮಾಡಿದ ಅಕ್ಷರ ಕೋಷ್ಟಕ) ಹಾಕಿದ್ರೆ ಕನ್ನಡ ಬರಲ್ಲ, ಅದರ ನಾಲ್ಕು ಬೈಟಿನ ರೂಪ ಎಂಬಿ4 ಹಾಕಬೇಕು ಅಲ್ವಾ?

ಡಿಬಿಎ_ದೊಡ್ಡಪ್ಪ

ಅಲ್ಲ ಮರಿ. ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೆ (ಅಕ್ಷರ ಅಥವಾ ಗುಣಿತ ಚಿಹ್ನೆಗೆ ಕೊಟ್ಟ ಸಂಖ್ಯೆ) ಮೂರು ಬೈಟ್, ಅವರ ಹಳೇ ಯುಟಿಎಫ್8 ಮೂರು ಬೈಟ್ ತನಕ ಹಿಡಿಯುತ್ತೆ. ಕನ್ನಡ ಸರಿಯಾಗೇ ಬರುತ್ತೆ. ಮಂಡ್ಯದ ಹೈದ ಮೇಲೆ ಹಾಕಿರೋ ನಗೆಮುಖ ಬರಲ್ಲ, ಅದಕ್ಕೆ ನಾಲ್ಕು ಬೇಕು. ಆದ್ರೂ ಎಂಬಿ4 ಹಾಕು.

ಪೋರ್ಟ್_ಪರಮೇಶಿ

ಕೆಟ್ಟ ಡಿಫಾಲ್ಟ್ ಅಂದ್ರೆ ಮಾಂಗೋಡಿಬಿ ಡೇಟಾಬೇಸಿಂದು. ಪಾಸ್‌ವರ್ಡ್ ಇಲ್ಲ, ಇಡೀ ಜಗತ್ತಿಗೆ ಬಾಗಿಲು ತೆಗೆದು ಕೂರ್ತಿತ್ತು. 2017ರ ಜನವರಿಯಲ್ಲಿ ಸಾವಿರಗಟ್ಟಲೆ ಡೇಟಾಬೇಸ್ ಅಳಿಸಿ ಬಿಟ್‌ಕಾಯಿನ್ ಕೇಳಿದ್ರು.

ಕರ್ನಲ್_ಕಾಯೋನು

ಸ್ವಲ್ಪ ತಿದ್ದುಪಡಿ. ಅವರ ಅಧಿಕೃತ ಲಿನಕ್ಸ್ ಪ್ಯಾಕೇಜುಗಳು (ಡೆಬ್, ಆರ್‌ಪಿಎಂ) 2.6ರಿಂದಲೇ ಲೋಕಲ್‌ಹೋಸ್ಟ್‌ಗೆ, ಅಂದ್ರೆ ಅದೇ ಕಂಪ್ಯೂಟರಿಗೆ ಮಾತ್ರ ಕೇಳಿಸಿಕೊಳ್ತಿದ್ವು. ಹಳೇ ಇನ್‌ಸ್ಟಾಲ್‌ಗಳು, ಬೇರೆ ದಾರಿಯಲ್ಲಿ ಹಾಕಿದವರು, ತಾವೇ ತೆಗೆದು ಬಿಟ್ಟವರು ಸಿಕ್ಕಿಬಿದ್ರು. ಪ್ರೋಗ್ರಾಮೇ ಹಾಗಾಗಿದ್ದು 3.6ರಲ್ಲಿ, ಅದೂ ಆ ದಾಳಿ ಆದ ಮೇಲೆ. ರೆಡಿಸ್ ಅನ್ನೋ ಇನ್ನೊಂದು ಡೇಟಾಬೇಸಿನವರು ಒಂದು ಹೆಜ್ಜೆ ಮುಂದೆ, 2016ರಲ್ಲೇ 3.2ಕ್ಕೆ ಪ್ರೊಟೆಕ್ಟೆಡ್ ಮೋಡ್ ತಂದ್ರು. ಪಾಸ್‌ವರ್ಡ್ ಇಲ್ಲದೆ ಹೊರಗಿನಿಂದ ಬಂದ್ರೆ, ಯಾಕೆ ಬಿಡಲ್ಲ, ಏನು ಮಾಡಬೇಕು ಅಂತ ಉದ್ದಕ್ಕೆ ಬರೆದು ಕಳಿಸುತ್ತೆ. ಒಳ್ಳೇ ಎರರ್ ಮೆಸೇಜು.

ಅಂದ್ರೆ "ಹಳೇದು ಕೆಡಬಾರದು" ಅನ್ನೋ ನನ್ನದೇ ನಿಯಮಕ್ಕೆ ಮಿತಿ ಇದೆ. ಹಳೇದು ಅಪಾಯ ಆಗಿದ್ರೆ ಕೆಡಿಸಲೇಬೇಕು.

ಹಾಲಿನ_ಕ್ಯಾನ್

ನನ್ನದೊಂದು ಕಥೆ. ನಮ್ಮೂರ ಹಾಲಿನ ಡೇರಿಗೆ ನಾನೇ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ, ಹಾಗಾಗಿ ತಪ್ಪು ನನ್ನದೇ. ಫ್ಯಾಟ್ ಕಾಲಂ ಖಾಲಿ ಬಿಟ್ರೆ 3.5 ಅಂತ ತಾನೇ ತುಂಬಿಕೊಳ್ಳೋ ಹಾಗೆ ಇಟ್ಟಿದ್ದೆ. ಹಸುವಿನ ಹಾಲಿಗೆ ಹೆಚ್ಚುಕಮ್ಮಿ ಅಷ್ಟೇ ತಾನೆ ಬರೋದು, ಟೈಪ್ ಮಾಡೋ ಶ್ರಮ ಉಳಿಯಲಿ ಅಂತ.

ಒಂದು ವಾರ ಫ್ಯಾಟ್ ಮಿಷನ್ ಕೈಕೊಟ್ಟಿದೆ. ಬೆಳಿಗ್ಗೆ ಆರು ಗಂಟೆಗೆ ಕ್ಯಾನ್ ಹಿಡ್ಕೊಂಡು ಕ್ಯೂ, ಕಾರ್ಯದರ್ಶಿ ಎಂಟರ್ ಎಂಟರ್ ಎಂಟರ್ ಅಂತ ಒತ್ತಿಕೊಂಡು ಹೋಗಿದ್ದಾರೆ. ಬಟವಾಡೆ ದಿನ ಎಮ್ಮೆ ಹಾಲು ಹಾಕೋ ಒಬ್ಬ ಅಜ್ಜಿ ಚೀಟಿ ಹಿಡ್ಕೊಂಡು ಬಂದು, "ಏನಪ್ಪಾ, ನಮ್ಮ ಎಮ್ಮೆ ಯಾವಾಗ ಹಸ ಆಯ್ತು?" ಅಂದ್ರು. ಅವರಿಗೆ ಆರರ ಮೇಲೆ ಬರಬೇಕಾದ ಫ್ಯಾಟು. ಕೆಟ್ಟದ್ದು ಏನಂದ್ರೆ, ಯಾವ 3.5 ಮಿಷನ್ ಹೇಳಿದ್ದು, ಯಾವ 3.5 ನಾನು ತುಂಬಿದ್ದು ಅಂತ ಡೇಟಾಬೇಸ್ ನೋಡಿ ಹೇಳೋಕೆ ಆಗ್ತಿರಲಿಲ್ಲ. ಎರಡೂ ಒಂದೇ ಥರ ಕೂತಿದ್ವು.

ಈಗ ಆ ಕಾಲಂ ಖಾಲಿ ಇದ್ರೆ ಚೀಟಿ ಬರಲ್ಲ, ಅಳೆಯದೇ ಹೋದ್ರೆ "ಅಳೆದಿಲ್ಲ" ಅಂತಲೇ ಬರೆಯಬೇಕು. ಕೆಲವಕ್ಕೆ ಡಿಫಾಲ್ಟೇ ಇರಬಾರದು ಸ್ವಾಮಿ.

ಹುಬ್ಬಳ್ಳಿ_ಗಿರ್ಮಿಟ್

ಅಜ್ಜಿ ಖರೇ ಟೆಸ್ಟರ್ ನೋಡ್ರಿ.

ಟೆಸ್ಟರಮ್ಮ

ಅಜ್ಜಿ ನಂಬರ್ ಕೊಡಿ, ನಮ್ಮ ಟೀಮಿಗೆ ಬೇಕು.

ರೈಲು_ಹಳಿ

ಯಾರೂ ಹೇಳಿಲ್ಲ ಅಂತ ಹೇಳ್ತೀನಿ. ಹಳಬರಿಗೆ ಒಂದು, ಹೊಸಬರಿಗೆ ಒಂದು ಡಿಫಾಲ್ಟ್ ಇಡೋ ಪದ್ಧತಿ ಇದೆ. ವೆಬ್ ಆಪ್ ಬರೆಯೋಕೆ ಬಳಸೋ ರೂಬಿ ಆನ್ ರೈಲ್ಸ್‌ನಲ್ಲಿ 5.1ರಿಂದ 'ಲೋಡ್ ಡಿಫಾಲ್ಟ್ಸ್' ಅಂತ ಒಂದು ಸಾಲು. ಅಲ್ಲಿ ಯಾವ ಆವೃತ್ತಿ ಬರೆದಿದ್ಯೋ ಆ ಕಾಲದ ಡಿಫಾಲ್ಟ್‌ಗಳು ಸಿಗ್ತವೆ. ರೈಲ್ಸ್ ಅಪ್‌ಡೇಟ್ ಮಾಡಿದ್ರೂ ಆ ಸಾಲು ಬದಲಾಯಿಸೋ ತನಕ ನಡವಳಿಕೆ ಹಳೇದೇ. ಗೋ ಭಾಷೆಯವರೂ 1.21ರಿಂದ ಹೀಗೇ, ಪ್ರಾಜೆಕ್ಟಿನ 'ಗೋ ಮಾಡ್' ಫೈಲಿನಲ್ಲಿ ಬರೆದ ಆವೃತ್ತಿ ನೋಡಿ ಹಳೇ ನಡವಳಿಕೆ ಉಳಿಸ್ತಾರೆ.

ನಿಮ್ಮಲ್ಲಿ ಅಂಗಡಿ ಯಾವ ಆವೃತ್ತಿಯಲ್ಲಿ ಶುರುವಾಯ್ತು ಅಂತ ಒಂದು ಸಂಖ್ಯೆ ಬರೆದಿಡಿ. ಹಳೇ ಅಂಗಡಿಗೆ ರೌಂಡ್ ಆಫ್ ಇಲ್ಲ, ಹೊಸದಾಗಿ ಹಾಕಿಸಿಕೊಳ್ಳೋರಿಗೆ ಇದೆ. ಜಗಳ ಮುಗೀತು.

ರಾತ್ರಿಪಾಳಿ

ಕೋಡ್ ಬರೆಯೋರಿಗೆ ಮುಗೀತು. ಸಪೋರ್ಟಿನವರಿಗೆ ಶುರುವಾಯ್ತು. ಒಂದೇ ಬೀದಿಯಲ್ಲಿ ಎರಡು ಅಂಗಡಿ, ಎರಡರಲ್ಲೂ ಒಂದೇ ಆವೃತ್ತಿ, ಒಂದರಲ್ಲಿ ಪೈಸೆ ಬರುತ್ತೆ ಇನ್ನೊಂದರಲ್ಲಿ ಬರಲ್ಲ. "ಅವರಿಗೆ ಸರಿ ಮಾಡಿಕೊಟ್ಟಿದ್ದೀರಿ, ನಮಗೆ ಯಾಕಿಲ್ಲ" ಅಂತ ಫೋನ್ ಬರುತ್ತೆ, ಬರೆದಿಟ್ಕೊಳ್ಳಿ. ಕನಿಷ್ಠ ಸೆಟ್ಟಿಂಗ್ಸ್ ಪುಟದಲ್ಲಿ ಯಾವುದು ನಾವು ಕೊಟ್ಟಿದ್ದು, ಯಾವುದು ಅಂಗಡಿಯವರೇ ಬದಲಾಯಿಸಿದ್ದು ಅಂತ ಬೇರೆ ಬೇರೆ ತೋರಿಸಿ. ಫೋನ್‌ನಲ್ಲಿ ಕೂತವನು ಬದುಕ್ತಾನೆ.

ರೈಲು_ಹಳಿ

ಅದು ಒಪ್ಪತಕ್ಕ ಮಾತು. ಒಳಗೂ ಹಾಗೇ ಇಡಬೇಕು. ಅಂಗಡಿಯವರು ಮುಟ್ಟದೇ ಇದ್ರೆ ಡೇಟಾಬೇಸಿನಲ್ಲಿ ಏನೂ ಬರೆಯಬಾರದು. 'ಆಫ್' ಅಂತ ಎಲ್ಲರಿಗೂ ಬರೆದುಬಿಟ್ರೆ ಹಾಲಿನ ಕ್ಯಾನ್ ಅಣ್ಣನ 3.5 ಕಥೆಯೇ, ಬೇಕು ಅಂತ ಆಫ್ ಮಾಡಿದವರು ಯಾರು ಅಂತ ಮುಂದೆ ಗೊತ್ತಾಗಲ್ಲ.

ಅಡಿಕೆ_ಸಿಪ್ಪೆ

ನಿಮ್ಮ ಸಾಫ್ಟ್‌ವೇರ್ ಅಂಗಡಿಗೆ ಹಾಕೋದು ನೀವೇನಾ, ಡೀಲರಾ?

ಬಿಲ್_ಬರೆಯೋನು

ಮುಕ್ಕಾಲು ಪಾಲು ಡೀಲರ್‌ಗಳೇ. ಕಂಪ್ಯೂಟರ್, ಪ್ರಿಂಟರ್ ಜೊತೆ ಕೊಡ್ತಾರೆ.

ಅಡಿಕೆ_ಸಿಪ್ಪೆ

ಹಾಗಾದ್ರೆ ಅವರನ್ನ ಕೇಳಿ, ನಮ್ಮನ್ನಲ್ಲ. 2016ರಲ್ಲಿ, ಲಿನಕ್ಸ್‌ನಲ್ಲಿ ಸೇವೆಗಳನ್ನ ಶುರು ಮಾಡಿ ನಿಲ್ಲಿಸೋ ಸಿಸ್ಟಂಡಿಯವರು 230ನೇ ಆವೃತ್ತಿಯಲ್ಲಿ, ಲಾಗ್ಔಟ್ ಆದ್ರೆ ಬಳಕೆದಾರರ ಪ್ರೋಸೆಸ್ ಎಲ್ಲ ಕೊಲ್ಲೋದನ್ನ ಡಿಫಾಲ್ಟ್ ಮಾಡಿದ್ರು. ಲಾಗ್ಔಟ್ ಆದ್ರೂ ಕೆಲಸ ನಡೆಸೋ ಸ್ಕ್ರೀನ್, ಟಿಮಕ್ಸ್‌ನಲ್ಲಿ ರಾತ್ರಿ ಕೆಲಸ ಬಿಟ್ಟು ಹೋದವರದ್ದೆಲ್ಲ ಬೆಳಿಗ್ಗೆ ಮಾಯ. ಲಿನಕ್ಸ್ ಜೋಡಿಸಿ ಹಂಚೋ ಡೆಬಿಯನ್‌ನವರು ತಮ್ಮ ಪ್ಯಾಕೇಜಿನಲ್ಲಿ ಅದನ್ನ ಹಳೇ ಥರಕ್ಕೆ ತಿರುಗಿಸಿಕೊಂಡ್ರು. ಬರೆದವರಿಗೆ ಒಂದು ಲೋಕ ಕಾಣುತ್ತೆ, ಹಂಚೋರಿಗೆ ಇನ್ನೊಂದು. ನಿಮ್ಮ ಡೀಲರ್‌ಗಳೇ ನಿಮ್ಮ ಡೆಬಿಯನ್.

ಪೋರ್ಟ್_ಪರಮೇಶಿ

ವಾಟ್ಸಾಪ್ ಬಗ್ಗೆ ಯಾರೂ ಮಾತಾಡ್ತಿಲ್ಲ?

ಆಡಿಟ್_ಅತ್ತಿಗೆ

ಮಾತಾಡೋಕೆ ಏನಿದೆ? ಆಫ್. ಮೆಡಿಕಲ್ ಶಾಪ್ ಅಂತಿದ್ದಾರೆ. ಯಾರದೋ ಮಾತ್ರೆಯ ಬಿಲ್ಲು ಮನೆಯವರೆಲ್ಲ ನೋಡೋ ನಂಬರಿಗೆ ಹೋದ್ರೆ ಏನಾಗುತ್ತೆ ಯೋಚನೆ ಮಾಡಿ. 2023ರ ಡೇಟಾ ರಕ್ಷಣೆ ಕಾಯ್ದೆ ಕೂಡ ಒಪ್ಪಿಗೆ ಸ್ಪಷ್ಟವಾಗಿರಬೇಕು, ವ್ಯಕ್ತಿ ತಾನೇ ಕೊಟ್ಟಿರಬೇಕು ಅನ್ನುತ್ತೆ. ಯುರೋಪಿನ ನ್ಯಾಯಾಲಯ 2019ರಲ್ಲೇ ಹೇಳಿದೆ, ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಒಪ್ಪಿಗೆ ಅಲ್ಲ ಅಂತ. ಇನ್ನೊಂದು ವಿಷಯ, ಒಪ್ಪಬೇಕಾದ್ದು ಗಿರಾಕಿ, ಅಂಗಡಿಯವರಲ್ಲ. ಅಂಗಡಿಯವರು ಆನ್ ಮಾಡಿದ್ರೂ ಪ್ರತಿ ಗಿರಾಕಿಯನ್ನ ಒಂದು ಸಲ ಕೇಳಬೇಕು.

ಫೀಚರ್_ಪ್ರಿಯೆ

ಇದಕ್ಕೆ ನಾನೂ ಆಫ್. ನನ್ನದೇ ನಂಬರಿಗೆ ಒಂದು ಬಟ್ಟೆ ಅಂಗಡಿಯಿಂದ ವಾರಕ್ಕೆ ಮೂರು ಬರ್ತಿದೆ.

ಬಿಲ್_ಬರೆಯೋನು

ಎಲ್ಲರಿಗೂ ಧನ್ಯವಾದ. ಪಾರ್ಟ್ನರ್‌ಗೂ ಓದಿಸಿದೆ, ಗೌರಿ ಹಬ್ಬದ ಕಥೆ ಓದಿ ಸುಮ್ಮನಾದ. ಈಗ ಹೀಗೆ ಅಂದುಕೊಂಡಿದೀವಿ. ಸ್ಟಾಕ್: ಎಲ್ಲರಿಗೂ ಹಳದಿ, ತಡೆಯೋದು ಬೇಕಾದ ಮೆಡಿಕಲ್‌ನವರಿಗೆ ಮಾತ್ರ. ರೌಂಡ್ ಆಫ್: ಹಳೇ ಅಂಗಡಿ ಇದ್ದ ಹಾಗೇ, ಹೊಸ ಅಂಗಡಿಗೆ ಹಾಕುವಾಗ ಡೀಲರ್ ಕೇಳಬೇಕು, ಮೊದಲೇ ಟಿಕ್ ಇರಲ್ಲ. ವಾಟ್ಸಾಪ್ ಆಫ್. ದುಡ್ಡೆಲ್ಲ ಫ್ಲೋಟ್‌ನಿಂದ ಡೆಸಿಮಲ್‌ಗೆ ಬಂತು (ಮೇಷ್ಟ್ರೇ, ಮೂರು ರಾತ್ರಿ).

ಲೆಕ್ಕದ_ಮೇಷ್ಟ್ರು

ಮೂರೇ ರಾತ್ರಿನಾ. ಪರವಾಗಿಲ್ಲ.

ಬಿಲ್_ಬರೆಯೋನು

ಎರಡು ವಾರದ ಮೇಲೆ ಬರೀತಿದೀನಿ. ಅಪ್‌ಡೇಟ್ ಹೋಯ್ತು. ರೌಂಡ್ ಆಫ್, ಸ್ಟಾಕ್, ವಾಟ್ಸಾಪ್ ಮೂರಕ್ಕೂ ಸೇರಿ ಒಂದೇ ಒಂದು ಫೋನ್ ಬರಲಿಲ್ಲ.

ಬಂದಿದ್ದೆಲ್ಲ ಪ್ರಿಂಟರಿಂದು. ಡೆಸಿಮಲ್ ಮಾಡೋ ಗಲಾಟೆಯಲ್ಲಿ ಬಿಲ್ ಫಾರ್ಮ್ಯಾಟ್ ಕೋಡನ್ನೂ ಒಂದಿಷ್ಟು ಒಪ್ಪ ಮಾಡಿದ್ವಿ. ಕಾಗದದ ಅಗಲ ಅಂತ ಒಂದು ಸೆಟ್ಟಿಂಗ್ ಹೊಸದಾಗಿ ಬಂತು, ಡಿಫಾಲ್ಟ್ 80 ಮಿಲಿಮೀಟರ್. ಆಫೀಸಿನಲ್ಲಿ ನಮ್ಮ ಮುಂದೆ ಇರೋದು ಮೂರು ಇಂಚಿನ ಪ್ರಿಂಟರ್, ಸರಿಯಾಗೇ ಬಂತು. ಸಣ್ಣ ಅಂಗಡಿಗಳಲ್ಲಿ ಇರೋದೆಲ್ಲ ಎರಡು ಇಂಚಿಂದು. ಬಿಲ್ಲಿನ ಬಲಗಡೆ ಕಾಲಂ ಕತ್ತರಿಸಿ ಹೋಗಿ, ಐಟಂ ಇದೆ, ತೂಕ ಇದೆ, ದುಡ್ಡೇ ಇಲ್ಲ. ಹಳೇ ಕೋಡು ಪ್ರಿಂಟರನ್ನೇ ಕೇಳಿಕೊಂಡು ಅಗಲ ತಿಳ್ಕೊಳ್ತಿತ್ತು.

ಅದನ್ನ ನಾವು ಆಪ್ಷನ್ ಅಂತ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಕರ್ನಲ್_ಕಾಯೋನು

ಸ್ವಿಚ್ ಹೊಸದು, ದೀಪ ಹಳೇದು. ಗೋಡೆಗೆ ಅಂಟಿಸಿದ್ರಾ?

ಬಿಲ್_ಬರೆಯೋನು

ಅಂಟಿಸಿದೀನಿ ಸರ್. ಪ್ರಿಂಟರಿನ ಹಿಂದುಗಡೆ ಗೋಡೆಗೆ.

ಹುಬ್ಬಳ್ಳಿ_ಗಿರ್ಮಿಟ್

ನಮ್ಮದೂ ಎರಡ ಇಂಚಿನ್ದ ಐತ್ರಿ. ಈ ಕಡೆ ಕೊಡೂದಾದ್ರ ಹೇಳ್ರಿ, ತಗೊಳ್ತೀನಿ. ಆದ್ರ ಆ ಗಾಲಿ ಚಿತ್ರ ತಗದು ಕೊಡ್ರಿ.